ಮೊದಲ ಹಳೇ ಕಾರು: ತಗಡು ನೋಡಿ, ಕಾಗದ ನೋಡಿ, ಎಂಜಿನ್ ಕೊನೆಗೆ

ಹಳೇ ಕಾರೊಂದನ್ನು ತಂದು, ಮನೆಯಲ್ಲೇ ಬಿಚ್ಚಿ ಸರಿಮಾಡಿ, ಮತ್ತೆ ರಸ್ತೆಗೆ ಇಳಿಸಬೇಕು ಅನ್ನುವ ಆಸೆ ಇರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವ ಕಾರು ತಗೊಳ್ಳಲಿ? ಇಲ್ಲಿ ಕೂತಿರುವ ನಿಮ್ಮಲ್ಲೂ ಅನೇಕರು ಅದೇ ಪ್ರಶ್ನೆ ಹಿಡಿದು ಬಂದಿದ್ದೀರಿ ಅಂತ ಗೊತ್ತು. ಪದ್ಮಿನಿನಾ, ಅಂಬಾಸಿಡರಾ, ಜೀಪಾ, ಮಾರುತಿ 800 ಸಾಕಾ? ಒಂದೊಂದಾಗಿ ಬರೋಣ. ಅದಕ್ಕೆ ಮುಂಚೆ ಒಂದು ಕೋರಿಕೆ. ಮೊದಲ ಕಾರಿಗೆ ಒಂದೇ ಗುರಿ ಇಟ್ಟುಕೊಳ್ಳಿ: ಅದು ಮುಗಿಯಬೇಕು. ಅಪರೂಪದ ಕಾರು ಅನ್ನಿಸಿಕೊಳ್ಳುವುದು, ಮೇಳದಲ್ಲಿ ಹೊಳೆಯುವುದು, ಮಾರಿದರೆ ಲಾಭ ಬರುವುದು, ಇವೆಲ್ಲ ಎರಡನೇ ಕಾರಿಗೆ ಇರಲಿ.

ಯಾಕೆಂದರೆ ನಮ್ಮ ಊರುಗಳಲ್ಲಿ ಅರ್ಧಕ್ಕೆ ನಿಂತ ಕಾರುಗಳು ತುಂಬಾ ಇವೆ. ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿರುತ್ತಾರೆ. ಸೀಟು ಅಟ್ಟದ ಮೇಲೆ, ಬಂಪರ್ ಮಂಚದ ಕೆಳಗೆ, ನಟ್ಟು ಬೋಲ್ಟು ಎಲ್ಲ ಒಂದೇ ಡಬ್ಬಿಯಲ್ಲಿ. ಮಾಲೀಕರನ್ನು ಕೇಳಿ ನೋಡಿ. ಎಂಜಿನ್ ಕೆಲಸ ಬಗೆಹರಿಯಲಿಲ್ಲ ಅಂತ ನಿಲ್ಲಿಸಿದವರು ಕಡಿಮೆ. ನೆಲದ ತಗಡು ಅಂದುಕೊಂಡದ್ದಕ್ಕಿಂತ ಜಾಸ್ತಿ ಕೊಳೆತಿತ್ತು. ಇಲ್ಲವೇ ಯಾವುದೋ ಒಂದು ಸಾಮಾನು ಎಲ್ಲೂ ಸಿಗಲಿಲ್ಲ. ಇಲ್ಲವೇ ಆರ್‌ಸಿ ತೊಡಕಿನಲ್ಲಿ ಸಿಕ್ಕಿತು. ಹೆಚ್ಚಾಗಿ ಈ ಮೂರರಲ್ಲೊಂದು ಕಾರಣ ಇರುತ್ತದೆ. ಮೂರೂ ಕಾರು ಕೊಂಡ ದಿನವೇ ಅಲ್ಲಿದ್ದವು. ನೋಡುವವರು ಇರಲಿಲ್ಲ.

ಕಾರು ನೋಡಲು ಹೋದಾಗ ನಾವು ಮೊದಲು ಏನು ಮಾಡುತ್ತೇವೆ? ಬಾನೆಟ್ ಎತ್ತಿಸುತ್ತೇವೆ, ಸ್ಟಾರ್ಟ್ ಮಾಡಿಸುತ್ತೇವೆ, ಸದ್ದು ಕೇಳಿ ಖುಷಿಪಡುತ್ತೇವೆ. ಎಂಜಿನ್‌ಗೆ ಅಷ್ಟು ಮಹತ್ವ ಕೊಡಬೇಡಿ. ಪದ್ಮಿನಿಯದ್ದು 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ, ಅಂದರೆ ಒಳಗೆ ಕೊರೆಸಿ, ದೊಡ್ಡ ಪಿಸ್ಟನ್ ಹಾಕಬಹುದು. ಕ್ರ್ಯಾಂಕ್ ಗೀರಾಗಿದ್ದರೆ ಗ್ರೈಂಡ್ ಮಾಡಿಸಿ ದಪ್ಪ ಬೇರಿಂಗ್ ಹಾಕಬಹುದು. ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್ ಬಾಗಿದ್ದರೆ ಫೇಸಿಂಗ್ ಮಾಡಿಸಿ ಸಮ ಮಾಡಬಹುದು. ಈ ಕೆಲಸಕ್ಕೆ ಲೇತ್ ಇರುವ ಅಂಗಡಿ ನಮ್ಮ ಹೆಚ್ಚಿನ ಜಿಲ್ಲಾ ಕೇಂದ್ರಗಳಲ್ಲಿ ಸಿಗುತ್ತದೆ. ಎಷ್ಟು ಖರ್ಚಾಗುತ್ತದೆ ಅಂತ ಮುಂಚೆಯೇ ಕೇಳಿಕೊಂಡು ಹೋಗಬಹುದು. ತುಕ್ಕಿಗೆ ಹಾಗೆ ಲೆಕ್ಕ ಹಾಕಲು ಬರುವುದಿಲ್ಲ. ಒಂದು ಕಡೆ ಕೆರೆದರೆ ಪಕ್ಕದಲ್ಲಿ ಇನ್ನೊಂದು ತೂತು ಕಾಣುತ್ತದೆ. ಅದನ್ನು ಕತ್ತರಿಸಿದರೆ ಒಳಗಿನ ಪದರವೂ ಹೋಗಿರುತ್ತದೆ.

ಇದರ ಹಿಂದೆ ಒಂದು ಕಾರಣ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಾರಿ, ಜೀಪುಗಳಿಗೆ ಕೆಳಗೆ ಬೇರೆಯೇ ಚಾಸಿ, ಅಂದರೆ ಉಕ್ಕಿನ ಚೌಕಟ್ಟು ಇರುತ್ತದೆ. ಬಾಡಿ ಅದರ ಮೇಲೆ ಕೂತಿರುತ್ತದೆ. ಪದ್ಮಿನಿ, ಅಂಬಾಸಿಡರ್, ಮಾರುತಿ 800 ಹಾಗಲ್ಲ. ಬಾಗಿಲ ಕೆಳಗಿನ ಸಿಲ್, ನೆಲ, ಕಂಬಗಳು, ಟಾಪು ಎಲ್ಲ ಸೇರಿ ಬೆಸುಗೆ ಹಾಕಿದ ಆ ತಗಡಿನ ಗೂಡೇ ಕಾರಿನ ಭಾರ ಹೊರುತ್ತದೆ. ಸಿಲ್ ಕೊಳೆತರೆ ಬರೀ ಅಂದ ಕೆಡುವುದಿಲ್ಲ, ಕಾರಿನ ಬಲವೇ ಹೋಗುತ್ತದೆ. ಅಂಥ ಕಾರಿನ ಸಿಲ್ಲನ್ನು ಒಳಗಿಂದ ಆಸರೆ ಕೊಡದೆ ಕತ್ತರಿಸಿದರೆ ನಡು ಬಾಗುತ್ತದೆ. ಆಮೇಲೆ ಬಾಗಿಲು ಕೂರುವುದಿಲ್ಲ. ಹೊಸದಾಗಿ ಕೆಲಸ ಕಲಿಯುವವರು ಮನೆಯಂಗಳದಲ್ಲಿ ಮಾಡುವ ಕೆಲಸ ಅದಲ್ಲ.

ನನ್ನ ಪರಿಚಯದ ಹುಡುಗನೊಬ್ಬನ ಮುಂದೆ ಎರಡು ಪದ್ಮಿನಿಗಳಿದ್ದವು. ಒಂದು ಕರಾವಳಿಯಲ್ಲಿತ್ತು. ಹೊಸದಾಗಿ ಕೆಂಪು ಪೇಂಟ್ ಹೊಡೆಸಿದ್ದರು, ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು. ಇನ್ನೊಂದು ಚಳ್ಳಕೆರೆ ಕಡೆಯ ತೋಟದ ಮನೆಯಲ್ಲಿತ್ತು. ಬಣ್ಣ ಬಿಸಿಲಿಗೆ ಸುಟ್ಟು ಸುಣ್ಣದ ಹಾಗಾಗಿತ್ತು, ನಾಲ್ಕೂ ಟೈರು ಬಿರುಕು ಬಿಟ್ಟಿದ್ದವು, ಎಂಜಿನ್ ಜಾಮ್. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅವನು ಮೊದಲನೆಯದಕ್ಕೆ ಮ್ಯಾಗ್ನೆಟ್ ಹಿಡಿದ. ಹಿಂದಿನ ಚಕ್ರದ ಕಮಾನಿನಲ್ಲಿ, ಬಾಗಿಲ ಕೆಳಗಡೆ ಅದು ಅಂಟಲೇ ಇಲ್ಲ. ಪೇಂಟಿನ ಕೆಳಗೆ ಬರೀ ಪುಟ್ಟಿ. ಎರಡನೆಯದರ ಕಾರ್ಪೆಟ್ ಎತ್ತಿದಾಗ ಧೂಳು ಬಂತು, ತಗಡು ಗಟ್ಟಿಯಾಗಿತ್ತು. ಎಂಜಿನ್ ಜಾಮ್ ಆದ ಕಾರನ್ನೇ ಕೊಂಡ. ಚಿತ್ರದುರ್ಗ, ಬಳ್ಳಾರಿ, ವಿಜಯಪುರದಂಥ ಒಣ ಸೀಮೆಯ ಕಾರು ನನಗೆ ಯಾವತ್ತೂ ಇಷ್ಟ. ಕಡಲ ಉಪ್ಪು ಗಾಳಿಯಲ್ಲಿ ನಿಂತ ಕಾರನ್ನೂ ಮಲೆನಾಡಿನ ಮಳೆಯಲ್ಲಿ ಬಯಲಲ್ಲೇ ನಿಂತ ಕಾರನ್ನೂ ಎರಡು ಸಲ ನೋಡಿ. ಉಡುಪಿಯಲ್ಲೂ ಒಳ್ಳೇ ಕಾರು ಸಿಗುತ್ತದೆ, ಮುಚ್ಚಿದ ಶೆಡ್ಡಿನಲ್ಲಿ ಇಟ್ಟು ಒರೆಸಿ ಕಾಪಾಡಿದ್ದರೆ.

ನೋಡಲು ಹೋಗುವಾಗ ಮ್ಯಾಗ್ನೆಟ್, ಟಾರ್ಚು, ಸಣ್ಣ ಸ್ಕ್ರೂಡ್ರೈವರ್, ಕೆಳಗೆ ಮಲಗಲು ಒಂದು ಗೋಣಿಚೀಲ ಒಯ್ಯಿರಿ. ಮ್ಯಾಗ್ನೆಟ್ಟಿಗೆ ಬಟ್ಟೆ ಸುತ್ತಿ, ಪೇಂಟಿಗೆ ಗೀರು ಬೀಳಬಾರದು. ಬೆಳಗ್ಗೆ ಹೋಗಿ. ಸಂಜೆ ಬೆಳಕಿನಲ್ಲಿ ಎಲ್ಲ ಕಾರೂ ಚೆನ್ನಾಗಿ ಕಾಣುತ್ತದೆ. ಎಂಜಿನ್ ಬಿಸಿ ಮಾಡಿ ಇಡಬೇಡಿ ಅಂತ ಮುಂಚೆಯೇ ಹೇಳಿ. ಪದ್ಮಿನಿಯಲ್ಲಿ ಡ್ರೈವರ್ ಕಾಲಿನ ಕೆಳಗಿನ ನೆಲ, ಸಿಲ್, ಜ್ಯಾಕ್ ಕೊಡುವ ಜಾಗ, ಹೆಡ್‌ಲೈಟ್ ಸುತ್ತ ನೋಡಿ. ಅಂಬಾಸಿಡರ್‌ನಲ್ಲಿ ಸಿಲ್ ಜೊತೆಗೆ ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಕಾರಿನ ಬಾಡಿಯನ್ನು ಸೇರುವ ಜಾಗ ನೋಡಿ. ಮಾರುತಿಯಲ್ಲಿ ಬ್ಯಾಟರಿ ಇಡುವ ತಟ್ಟೆ, ಅದರ ಪಕ್ಕದಲ್ಲಿ ಮುಂದಿನ ಸ್ಟ್ರಟ್ (ಚಕ್ರದ ಸ್ಪ್ರಿಂಗ್ ಇರುವ ಕಂಬ) ಕೂರುವ ಮೇಲ್ಭಾಗ, ಬಾಗಿಲ ಕೆಳ ಅಂಚು, ಡಿಕ್ಕಿಯ ನೆಲ. ಮಾಲೀಕರ ಅನುಮತಿ ಕೇಳಿಯೇ ಸ್ಕ್ರೂಡ್ರೈವರ್ ಒತ್ತಿ. ಅದು ತಗಡಿನ ಒಳಗೆ ಇಳಿದರೆ ಆ ಕಾರಿನ ಮಾತೇ ಬೇಡ. ಬಾಗಿಲು ಅರ್ಧ ತೆರೆದು ತುದಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಹಿಂಜ್ ಪಿನ್ ಸವೆದು ಅಲುಗಿದರೆ ಪರವಾಗಿಲ್ಲ. ಹಿಂಜ್ ಜೊತೆಗೆ ಕಂಬದ ತಗಡೇ ಅಲುಗಿದರೆ ಬೇರೆ ಕಾರು ನೋಡಿ.

ಬಾಗಿಲ ಸಂದು ಮೇಲೆ ಕೆಳಗೆ ಒಂದೇ ಅಳತೆ ಇದೆಯಾ ಅಂತಲೂ ನೋಡಿಕೊಳ್ಳಿ. ಹೊಡೆತ ತಿಂದ ಕಾರು ಅಲ್ಲೇ ಗೊತ್ತಾಗುತ್ತದೆ.

ಎಂಜಿನ್ ನೋಡಲೇಬೇಕು ಅಂದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಒಯ್ಯಿರಿ. ಹಳೇ ಪೆಟ್ರೋಲ್ ಎಂಜಿನ್‌ನಲ್ಲಿ 120 ಪಿಎಸ್‌ಐ ಆಸುಪಾಸು ಅಥವಾ ಮೇಲೆ ಬಂದರೆ ಚೆನ್ನಾಗಿದೆ. ಅದಕ್ಕಿಂತ ಮುಖ್ಯ, ಸಿಲಿಂಡರ್‌ಗಳ ನಡುವೆ ಶೇಕಡಾ 10–15ಕ್ಕಿಂತ ವ್ಯತ್ಯಾಸ ಇರಬಾರದು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ, ಹೆಡ್ ಕೆಳಗೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಕಡೆ ಅನುಮಾನ ಪಡಿ. ಎಂಜಿನ್ ಬಗ್ಗೆ ಇಷ್ಟು ಸಾಕು.

ಈಗ ಸಾಮಾನು. ಎಂಜಿನ್ ಗ್ಯಾಸ್ಕೆಟ್ ಸೆಟ್ ಹುಡುಕುವುದು ಸುಲಭ. ಟೈಲ್‌ಲೈಟಿನ ಗಾಜು, ಬಾಗಿಲ ಹಿಡಿ, ವಿಂಡ್‌ಶೀಲ್ಡ್ ಬೀಡಿಂಗ್, ಕ್ರೋಮ್ ಪಟ್ಟಿಯ ಕ್ಲಿಪ್ಪು ಹುಡುಕುವುದು ಕಷ್ಟ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿದವರಿಗೆ ಇದು ಗೊತ್ತಿರುತ್ತದೆ. ಸವೆಯುವ ಸಾಮಾನು ಯಾರಾದರೂ ತಯಾರಿಸುತ್ತಲೇ ಇರುತ್ತಾರೆ, ಒಡೆದರೆ ಮಾತ್ರ ಬದಲಾಯಿಸುವ ಸಾಮಾನು ತಯಾರಿಸುವವರು ಕಡಿಮೆ. ಆದ್ದರಿಂದ ಓಡದಿದ್ದರೂ ಪೂರ್ತಿ ಇರುವ ಕಾರು, ಓಡುತ್ತಿದ್ದರೂ ಅರ್ಧ ಸಾಮಾನು ಕಳೆದುಹೋದ ಕಾರಿಗಿಂತ ಒಳ್ಳೆಯದು.

ಇನ್ನೂ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಬೇರೆಯವರು ಬಿಚ್ಚಿಟ್ಟ ಕಾರನ್ನು ಮೊದಲ ಕಾರಾಗಿ ತರಬೇಡಿ. ‘ಎಲ್ಲ ಸಾಮಾನೂ ಚೀಲದಲ್ಲಿದೆ ಸಾರ್, ಜೋಡಿಸಿದರೆ ಆಯ್ತು’ ಅಂತಾರೆ. ಅವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಆದರೆ ಆ ಕಾರು ಜೋಡಿಸಿದ್ದಾಗ ಹೇಗಿತ್ತು ಅಂತ ನೀವು ನೋಡಿಲ್ಲ. ಯಾವ ಬೋಲ್ಟು ಎಲ್ಲಿಯದು, ಯಾವ ಬ್ರಾಕೆಟ್ ಯಾವ ಕಡೆಯದು, ಯಾವುದು ಇಲ್ಲ ಅನ್ನುವುದೇ ಗೊತ್ತಾಗುವುದಿಲ್ಲ. ನೀವೇ ಫೋಟೋ ತೆಗೆದು, ಚೀಟಿ ಅಂಟಿಸಿ ಬಿಚ್ಚಿದ ಕಾರು ಮಾತ್ರ ನಿಮ್ಮ ಕೈಯಲ್ಲಿ ಮತ್ತೆ ಕೂಡುತ್ತದೆ.

ಸರಿ, ಕಾರುಗಳ ಹೆಸರಿಗೆ ಬರೋಣ.

ಮೊದಲ ಕಾರಿಗೆ ನನ್ನ ಸಲಹೆ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಮಾರುತಿ 800. ಕೆಲವರ ಮುಖ ಸಪ್ಪಗಾಯಿತು, ಕಾಣಿಸುತ್ತಿದೆ. ಕೇಳಿ. 1983ರ ಡಿಸೆಂಬರ್‌ನಲ್ಲಿ ಬಂದ ಕಾರು 2014ರ ತನಕ ತಯಾರಾಯಿತು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಹಗುರ. ಸಾಮಾನು ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ. ಕೆಲಸ ಗೊತ್ತಿರುವ ಮೇಸ್ತ್ರಿ ಎಲ್ಲ ಊರಲ್ಲೂ ಇದ್ದಾರೆ. ಕಾರು ಚಿಕ್ಕದು, ಹಾಗಾಗಿ ಜಾಗ ಕಡಿಮೆ ಸಾಕು. ನೀವು ಕಲಿಯಬೇಕಾದ ಬ್ರೇಕು, ಕಾರ್ಬ್ಯುರೇಟರ್, ವೈರಿಂಗ್, ಸಸ್ಪೆನ್ಷನ್ ಎಲ್ಲವನ್ನೂ ಅದು ಕಲಿಸುತ್ತದೆ. ತೊಂಬತ್ತರ ದಶಕದ ಒಂದನ್ನು ಹುಡುಕಿ. 1986ಕ್ಕೆ ಮುಂಚಿನ ಎಸ್‌ಎಸ್80 ಮಾದರಿ ನೋಡಲು ಚೆಂದ, ಆದರೆ ಅದರ ಬಾಡಿ ತಗಡು, ಗಾಜು, ದೀಪ ಮುಂದಿನ ಮಾದರಿಗೆ ಹೊಂದುವುದಿಲ್ಲ. ಸಂಗ್ರಹಕಾರರು ಹುಡುಕುವ ಕಾರು ಅದು. ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ.

ಮನಸ್ಸು ಪದ್ಮಿನಿಯ ಮೇಲೇ ಇದ್ದರೆ ಬೇಡ ಅನ್ನುವುದಿಲ್ಲ. ನನಗೂ ಅದು ಬಹಳ ಪ್ರೀತಿಯ ಕಾರು. 1964ರಲ್ಲಿ ಫಿಯೆಟ್ 1100 ಡಿಲೈಟ್ ಹೆಸರಿನಲ್ಲಿ ಮುಂಬೈಯ ಕುರ್ಲಾದಲ್ಲಿ ತಯಾರಾಗತೊಡಗಿತು. 1974ರಿಂದ ಪದ್ಮಿನಿ ಆಯಿತು. ಎಂಜಿನ್ ಉದ್ದಕ್ಕೆ ಕೂತಿದೆ, ಅದರ ಬಲ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಬಾನೆಟ್ ಎತ್ತಿದರೆ ಡೈನಮೋ, ಡಿಸ್ಟ್ರಿಬ್ಯೂಟರ್, ಕಾರ್ಬ್ಯುರೇಟರ್ ಎಲ್ಲ ಬೇರೆ ಬೇರೆಯಾಗಿ ಕಣ್ಣಿಗೆ ಕಾಣುತ್ತವೆ, ಕೈ ಆಡಿಸಲು ಜಾಗ ಇದೆ. ಕಾರು ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಯಲು ಇದಕ್ಕಿಂತ ಒಳ್ಳೇ ಪಾಠ ನಮ್ಮ ದೇಶದಲ್ಲಿ ಸಿಗುವುದು ಕಷ್ಟ. ಮುಂಬೈಯಲ್ಲಿ ದಶಕಗಟ್ಟಲೆ ಟ್ಯಾಕ್ಸಿಯಾಗಿ ಓಡಿದ್ದರಿಂದ ಸಾಮಾನು ಇವತ್ತಿಗೂ ಅಲ್ಲಿಂದ ಬರುತ್ತಿದೆ. ಆದರೆ 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಟ್ಯಾಕ್ಸಿ ಓಡದಿದ್ದರೆ ಹೊಸದಾಗಿ ಸಾಮಾನು ತಯಾರಿಸುವವರೂ ಕಡಿಮೆಯಾಗುತ್ತಾರೆ, ಅಲ್ವಾ? ಕೊಂಡ ಮೇಲೆ ಬ್ರೇಕ್ ಸಿಲಿಂಡರ್ ಕಿಟ್, ಕ್ಲಚ್ ಪ್ಲೇಟ್, ವಾಟರ್ ಪಂಪ್ ಕಂಡಲ್ಲೇ ಒಂದು ಜೊತೆ ತೆಗೆದಿಟ್ಟುಕೊಳ್ಳಿ.

ಆಗಲೇ ಮೇಸ್ತ್ರಿಗಳ ವಿಷಯ ಬಂದಿತ್ತು, ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಪ್ಲಗ್‌ಗಳಿಗೆ ಕರೆಂಟು ಹಂಚುವ ಹಳೇ ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್‌ಗಳ ನಡುವೆ ಸುಮಾರು 0.4 ಮಿಲಿಮೀಟರ್ ಸಂದು ಇಡಬೇಕು. ಹಳೇ ಮೇಸ್ತ್ರಿಗಳು ಕಣ್ಣಲ್ಲೇ ನೋಡಿ ಕೂರಿಸುತ್ತಾರೆ, ಆಮೇಲೆ ಗೇಜ್ ಹಾಕಿ ನೋಡಿದರೆ ಸರಿಯಾಗಿಯೇ ಇರುತ್ತದೆ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಮೈಸೂರು, ಎಲ್ಲ ಕಡೆ ಇಂಥವರು ಇನ್ನೂ ಇದ್ದಾರೆ. ಈಗ ಅವರಿಗೆಲ್ಲ ಅರವತ್ತು, ಎಪ್ಪತ್ತು ವಯಸ್ಸು. ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಕಾರು ಆರಿಸುವ ಮುಂಚೆ ನಿಮ್ಮ ಊರಿನಲ್ಲಿ ಯಾರಿದ್ದಾರೆ, ಅವರ ಕೈ ಯಾವ ಕಾರಿನಲ್ಲಿ ಪಳಗಿದೆ ಅಂತ ವಿಚಾರಿಸಿ. ಅಂಬಾಸಿಡರ್ ಮೇಸ್ತ್ರಿ ಇರುವ ಊರಿನಲ್ಲಿ ಅಂಬಾಸಿಡರ್ ತಗೊಳ್ಳುವುದೇ ಜಾಣತನ. ಅವರ ಬಳಿ ಹೋಗಿ ಕೂತು ಕಲಿಯಿರಿ, ಕಲಿಸಿದ್ದಕ್ಕೆ ಸರಿಯಾದ ಹಣ ಕೊಡಿ. ಆ ವಿದ್ಯೆ ಪುಸ್ತಕದಲ್ಲಿ ಪೂರ್ತಿ ಸಿಗುವುದಿಲ್ಲ.

ಅಂಬಾಸಿಡರ್ 2014ರ ತನಕ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಕಾರು, ಸಾಮಾನಿಗೆ ಚಿಂತೆ ಇಲ್ಲ. ತಗಡು ದಪ್ಪ. ಆದರೆ ಎಲ್ಲವೂ ಭಾರ, ಒಬ್ಬರೇ ಎತ್ತಿ ಇಳಿಸುವುದು ಕಷ್ಟ. ಮನೆ ಮುಂದೆ ಜಾಗವೂ ಬೇಕು. ಕಂಟೆಸ್ಸಾ ಚೆಂದದ ಕಾರು, ಅದರ ಇಸುಜು 1.8 ಲೀಟರ್ ಎಂಜಿನ್ ಗಟ್ಟಿ. ಬಾಡಿಯ ಸಾಮಾನು ಸಿಗುವುದು ಕಷ್ಟ, ಮೊದಲ ಕಾರಿಗೆ ಬೇಡ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಬೇರೆ ಚಾಸಿ ಇದೆ, ಬಾನೆಟ್ ಇಡಿಯಾಗಿ ಮುಂದಕ್ಕೆ ಮಗುಚುತ್ತದೆ, ಕೆಲಸ ಮಾಡಲು ಬಲು ಹಿತ. ಪೂರ್ತಿ ಇರುವುದು ಸಿಕ್ಕರೆ ಮಾತ್ರ ಯೋಚಿಸಿ.

ಜೀಪಿನ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಯುವಕರೆಲ್ಲ ಅದನ್ನೇ ಕೇಳುತ್ತಾರೆ. ಕೆಲಸದ ದೃಷ್ಟಿಯಿಂದ ಜೀಪು ಬಹಳ ಸುಲಭ. ಬೇರೆ ಚಾಸಿ, ಚಪ್ಪಟೆ ತಗಡು, ಊರಿನ ವೆಲ್ಡಿಂಗ್ ಅಂಗಡಿಯವರೂ ಬಾಡಿ ಮಾಡಿಕೊಡುತ್ತಾರೆ. ತೊಂದರೆ ಇರುವುದು ಕಾಗದದಲ್ಲಿ. ಆರ್‌ಸಿಯಲ್ಲಿ ಪೆಟ್ರೋಲ್ ಅಂತ ಇರುತ್ತದೆ, ಒಳಗೆ ಡೀಸೆಲ್ ಎಂಜಿನ್. ಚಾಸಿ ಒಂದರದ್ದು, ನಂಬರ್ ಇನ್ನೊಂದರದ್ದು. ಹರಿಯಾಣದ ಮಂಡಿ ದಬ್ವಾಲಿಯಂಥ ಕಡೆಯಿಂದ ಹೊಸದಾಗಿ ಕಟ್ಟಿದ ಜೀಪುಗಳು ನಮ್ಮ ಕಡೆಗೂ ಬರುತ್ತವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ಮಾದರಿಯ, ಅದೇ ಇಂಧನದ ಎಂಜಿನ್ ಹಾಕುವುದಾದರೂ ಆರ್‌ಟಿಓ ಒಪ್ಪಿಗೆ ಬೇಕು, ಹೊಸ ನಂಬರ್ ಆರ್‌ಸಿಗೆ ಏರಬೇಕು. ಕಾಗದಕ್ಕೆ ಅಕ್ಷರಶಃ ಹೊಂದುವ ಜೀಪು ಸಿಕ್ಕರೆ ಕಣ್ಣುಮುಚ್ಚಿ ಮೊದಲ ಕಾರು ಮಾಡಿಕೊಳ್ಳಿ.

ಕಾಗದ ಎಲ್ಲ ಕಾರಿಗೂ ಮುಖ್ಯ. ಚಾಸಿ ನಂಬರ್ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದುಕೊಳ್ಳಿ, ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಂಕಿ ಹೋಲಿಸಿ. ಹಳೇ ಸಾಲದ ನಮೂದು ಇದ್ದರೆ ಅದನ್ನು ತೆಗೆಸಲು ಫಾರ್ಮ್ 35 ಬೇಕು. ಕಾರು ನಿಮ್ಮ ಹೆಸರಿಗೆ ಆಗಲು ಮಾರುವವರಿಂದ ಫಾರ್ಮ್ 29, 30ಕ್ಕೆ ಸಹಿ ಬೇಕು. ಬೇರೆ ರಾಜ್ಯದ ಕಾರಾದರೆ ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ತೆರಿಗೆಯನ್ನೂ ಕಟ್ಟಬೇಕು. ಹಳೇ ಕಾರುಗಳ ಓಡಾಟಕ್ಕೆ ವಯಸ್ಸಿನ ಮಿತಿ ಹಾಕುವ ದೆಹಲಿಯ ನಿಯಮದಿಂದಾಗಿ ಅಲ್ಲಿಂದ ಅಗ್ಗಕ್ಕೆ ಕಾರು ತರುವವರು ತೆರಿಗೆ, ಸಾಗಾಣಿಕೆ ಎಲ್ಲ ಸೇರಿಸಿ ಲೆಕ್ಕ ಹಾಕಿ. ಇನ್ನು, 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ ಕಾರಿಗೆ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯಿತು. ತಡವಾದ ತಿಂಗಳಿಗೆ ಇಷ್ಟು ಅಂತ ಹೆಚ್ಚುವರಿಯೂ ಇದೆ. ಹಲವು ವರ್ಷ ನವೀಕರಿಸದೆ ನಿಂತ ಕಾರಾದರೆ ಆರ್‌ಟಿಓ ಕಚೇರಿಗೆ ಹೋಗಿ, ಒಟ್ಟು ಎಷ್ಟಾಗುತ್ತದೆ ಅಂತ ತಿಳಿದುಕೊಂಡೇ ಮುಂಗಡ ಕೊಡಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರಿಗೆ 2021ರಿಂದ ವಿಂಟೇಜ್ ನೋಂದಣಿ ಬಂದಿದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಅದನ್ನು ದಿನಾ ಓಡಿಸುವಂತಿಲ್ಲ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗಿ ಬರುವ ಆಸೆ ಇದ್ದರೆ ಮಾಮೂಲಿ ನೋಂದಣಿಯಲ್ಲೇ ಇರುವ ಕಾರು ನೋಡಿ.

ಮನೆಯಲ್ಲಿ ಏನು ಬೇಕು ಅಂತ ಕೇಳಿದರೆ, ಮೇಲೆ ಸೂರು, ಕೆಳಗೆ ಗಟ್ಟಿ ನೆಲ, ಸುತ್ತ ಓಡಾಡಲು ಜಾಗ. ಅಪಾರ್ಟ್‌ಮೆಂಟಿನವರು ಮೊದಲು ಸಂಘದವರನ್ನು ಕೇಳಿ. ಸ್ಪ್ಯಾನರ್ ಸೆಟ್ಟಿಗಿಂತ ಮುಂಚೆ ಎತ್ತಿದ ಕಾರಿನ ಭಾರ ಹೊರುವ ನಾಲ್ಕು ಆಕ್ಸಲ್ ಸ್ಟ್ಯಾಂಡ್ ಕೊಳ್ಳಿ. ಬರೀ ಜ್ಯಾಕ್ ಮೇಲೆ, ಇಟ್ಟಿಗೆಯ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಹಳೇ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಇರುತ್ತದೆ, ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಮತ್ತೆ, ಆದಷ್ಟು ದಿನ ಕಾರು ಓಡಾಡುವ ಸ್ಥಿತಿಯಲ್ಲೇ ಇರಲಿ. ಈ ತಿಂಗಳು ಬ್ರೇಕು, ಮುಂದಿನ ತಿಂಗಳು ವೈರಿಂಗ್, ಹೀಗೆ ಒಂದೊಂದೇ ಬಿಚ್ಚಿ, ಮುಗಿಸಿ, ಕೂರಿಸಿ, ಗೇಟಿನ ತನಕ ಓಡಿಸಿ ನೋಡಿ. ಪೇಂಟ್ ಎಲ್ಲಕ್ಕಿಂತ ಕೊನೆಗೆ.

ಪೆಟ್ರೋಲಿನ ಬಗ್ಗೆ ಚೀಟಿಯಲ್ಲಿ ಒಬ್ಬರು ಕೇಳಿದ್ದಾರೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ (ಒಳಗಿನ ಪೊರೆ) ಅದನ್ನು ತಾಳುವುದಿಲ್ಲ, ಮೆತ್ತಗಾಗಿ ಸೋರುತ್ತದೆ. ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿ. ಎಥನಾಲ್ ತಾಳುವ ಪೈಪು ಮೊದಲ ವಾರವೇ ಹಾಕಿಸಿ. ಎಥನಾಲ್ ನೀರನ್ನು ಎಳೆಯುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವಾಗ ಕಾರ್ಬ್ಯುರೇಟರ್ ಖಾಲಿ ಮಾಡಿ.

ಕೊನೆಯ ಸಾಲಿನ ಅಕ್ಕ ಕೇಳಿದ ಪ್ರಶ್ನೆ ಹೀಗಿದೆ. ತೀರಿಕೊಂಡ ಅಪ್ಪನ ಪದ್ಮಿನಿ ಊರಿನ ಮನೆಯಲ್ಲೇ ನಿಂತಿದೆ, ಅದನ್ನೇ ಮೊದಲ ಕಾರು ಮಾಡಿಕೊಳ್ಳಬಹುದಾ? ಖಂಡಿತ ಮಾಡಿಕೊಳ್ಳಿ, ತಗಡು ಗಟ್ಟಿ ಇದ್ದರೆ. ಒಬ್ಬರೇ ಮಾಲೀಕರ ಕೈಯಲ್ಲಿದ್ದ ಕಾರಿನಲ್ಲಿ ಸಾಮಾನು ಪೂರ್ತಿ ಇರುವ ಸಾಧ್ಯತೆ ಜಾಸ್ತಿ. ಕಾಗದಕ್ಕೆ ಫಾರ್ಮ್ 31 ಇದೆ. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಜೊತೆಗೆ ಆರ್‌ಟಿಓಗೆ ಕೊಡಬೇಕು. ನಂಬರ್ ಪ್ಲೇಟಿನಲ್ಲಿ ಕೆಎ ಬರುವ ಮುಂಚಿನ ಹಳೇ ನಂಬರ್ ಆಗಿದ್ದರೆ ದಾಖಲೆ ಕಂಪ್ಯೂಟರ್‌ಗೆ ಏರಿದೆಯಾ ಅಂತ ಮೊದಲು ವಿಚಾರಿಸಿ. ಊರಿಗೆ ಹೋದ ದಿನ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವ ಆತುರ ಬೇಡ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಪಿಸ್ಟನ್ನಿನ ರಿಂಗು ಅಂಟಿರಬಹುದು, ಒತ್ತಾಯಿಸಿದರೆ ಮುರಿಯುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಪ್ಲಗ್ ಇದ್ದ ಒಂದೊಂದು ತೂತಿನಲ್ಲೂ ಸ್ವಲ್ಪ ಎಂಜಿನ್ ಆಯಿಲ್, ಡೀಸೆಲ್ ಬೆರೆಸಿ ಬಿಡಿ. ಎರಡು ದಿನ ಬಿಟ್ಟು, ಗೇರು ನ್ಯೂಟ್ರಲ್‌ನಲ್ಲಿಟ್ಟು, ಕಾರಿನ ಮುಂಭಾಗದ ತೂತಿನಿಂದ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ, ಇನ್ನೆರಡು ದಿನ ಕಾಯಿರಿ. ತಿರುಗಿದರೆ ಹಳೇ ಆಯಿಲ್ ಇಳಿಸಿ ಹೊಸದು ಹಾಕಿ, ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆಯಿರಿ, ಬ್ರೇಕ್ ಸಿಲಿಂಡರ್‌ಗಳನ್ನು ಬಿಚ್ಚಿ ರಬ್ಬರ್ ಬದಲಾಯಿಸಿ. ಬ್ರೇಕ್ ಒತ್ತಿದರೆ ಕಾರು ನಿಲ್ಲುತ್ತದೆ ಅಂತ ಖಾತ್ರಿಯಾದ ಮೇಲೆ ಬ್ಯಾಟರಿ ಹಾಕಿ.